ಗ್ಲಿಸರಿನ್ ಇಲ್ಲದ ಅಳು

ಮೊಮ್ಮಗಳ ತುಟಿ ಒಡೆದಿದೆಯೆಂದು ಬ್ರೂಕ್‌ಫೀಲ್ಡಿನ ಔಷಧಿ ಅಂಗಡಿಯಿಂದ ಗ್ಲಿಸರಿನ್ ತಂದೆ. ಆ ಪುಟ್ಟ ಸೀಸೆ ಕೈಗೆ ಬಂದದ್ದೇ ತಡ, ತವರಿನ ಪಕ್ಕದ ಮನೆಯವಳು ನೆನಪಾದಳು... ಊರಿಗೆಲ್ಲ ಅವಳು ಸಿನಿಮಾದ ಮಗು. ನನಗೆ ಮಾತ್ರ ನನ್ನ ಪಾತ್ರ ಕಿತ್ತುಕೊಂಡವಳು.

ಪಟ್ಟಂದೂರು ಅಗ್ರಹಾರದಲ್ಲಿ ಆಗ ಗಾಜಿನ ಕಟ್ಟಡಗಳಿರಲಿಲ್ಲ, ರಾಗಿ ಹೊಲಗಳಿದ್ದವು. ಅಲ್ಲಿ ಚಿತ್ರೀಕರಣಕ್ಕೆ ಬಂದವರು ಮೊದಲು ಆರಿಸಿದ್ದು ನನ್ನನ್ನೇ. ಸೊಂಟ ಮುಟ್ಟುವ ನನ್ನ ಎರಡು ಜಡೆ ನಿರ್ದೇಶಕರಿಗೆ ಹಿಡಿಸಿತ್ತು. ಅಮ್ಮ ಹಿಗ್ಗಿಹೋದಳು. ಮಗಳಿಗೆ ದೃಷ್ಟಿಯಾಗದಿರಲಿ, ಎಲ್ಲ ಸುಸೂತ್ರವಾಗಿ ನಡೆಯಲಿ ಎಂದು ಹರಕೆ ಹೊತ್ತು, ಚಿತ್ರೀಕರಣಕ್ಕೆ ಎರಡು ದಿನ ಮುಂಚೆ ಮನೆದೇವರ ಗುಡಿಗೆ ಕರೆದೊಯ್ದು ನನ್ನ ಮುಡಿ ಕೊಡಿಸಿಬಿಟ್ಟಳು.

ಬೋಳು ತಲೆಗೆ ಗಂಧ ಬಳಿದುಕೊಂಡು ನಿಂತ ನನ್ನನ್ನು ಕಂಡು ನಿರ್ದೇಶಕರು ತಲೆ ಮೇಲೆ ಕೈ ಹೊತ್ತರು.

"ಹೀಗ್ ಮಾಡ್ಬಿಟ್ರಲ್ಲಮ್ಮ."

"ದ್ಯಾವ್ರಿಗೆ ಕೊಟ್ಟಿದ್ದು ಸಾರ್, ಒಳ್ಳೇದೇ ಆಯ್ತದೆ," ಎಂದಳು ಅಮ್ಮ.

ಒಳ್ಳೆಯದಾದದ್ದು ಪಕ್ಕದ ಮನೆಗೆ. ಸುಮ್ಮನೆ ನೋಡಲು ಬಂದಿದ್ದ ಅವಳನ್ನು ಕರೆದು, ನನಗೆಂದು ಹೊಲಿಸಿದ್ದ ಲಂಗ ತೊಡಿಸಿದರು. ನನ್ನ ಹೊಟ್ಟೆ ಧಗಧಗ ಉರಿಯಿತು.

ಸಾಕಿದ ಕರುವನ್ನು ಮಾರುವಾಗ ಮಗು ಅಳುವ ದೃಶ್ಯ. ಅವಳಿಗೋ ಅಳುವೇ ಬರುತ್ತಿರಲಿಲ್ಲ. ಗ್ಲಿಸರಿನ್ ಹಾಕಲು ಹೋದರೆ ಕಣ್ಣು ಮುಚ್ಚಿಕೊಂಡು ನಗುತ್ತಿದ್ದಳು. ಬೇಲಿಯಾಚೆ, ಅವಳ ಬೆನ್ನ ಹಿಂದೆಯೇ ನಾನು ನಿಂತಿದ್ದೆ. ಕ್ಯಾಮೆರಾ ಓಡಲು ಶುರುವಾದಾಗ ಬೇಲಿಯ ಸಂದಿಯಲ್ಲಿ ಕೈ ತೂರಿಸಿ, ಇದ್ದಬದ್ದ ಸಿಟ್ಟನ್ನೆಲ್ಲ ಸೇರಿಸಿ ಅವಳ ತೋಳು ಚಿವುಟಿದೆ. ಅವಳು ತಿರುಗಿ ನನ್ನನ್ನು ನೋಡಿದಳು, ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು...

ಆ ದೃಶ್ಯಕ್ಕೆ ನಾಡೇ ಅತ್ತಿತು. ಗ್ಲಿಸರಿನ್ ಇಲ್ಲದೆ ಅತ್ತ ಮಗು ಎಂದು ಇಂದಿಗೂ ಹೊಗಳುತ್ತಾರೆ. ಊರಿನಲ್ಲಿ ಯಾರ ಮುಂದೆಯೂ ಅವಳು ನನ್ನ ಹೆಸರೆತ್ತಲಿಲ್ಲ. ನಾನಂತೂ ಮದುವೆಯಾಗಿ ಹೋಗುವವರೆಗೂ ಅವಳೊಂದಿಗೆ ಮಾತಾಡಲಿಲ್ಲ. ಮಾತಾಡಿದರೆ ತಪ್ಪಾಯಿತು ಎನ್ನಬೇಕಾಗುತ್ತಿತ್ತು, ಅದಕ್ಕೆ ನನಗೆ ಮನಸ್ಸಿರಲಿಲ್ಲ.

ಹೋದ ವರ್ಷ ಅವಳು ತೀರಿಕೊಂಡಳು. ಮೊನ್ನೆ ಮೊಬೈಲಿನಲ್ಲಿ ಅವಳ ಹಳೆಯ ಸಂದರ್ಶನವೊಂದು ಸಿಕ್ಕಿತು. ಅಷ್ಟು ಚೆನ್ನಾಗಿ ಹೇಗೆ ಅತ್ತಿರಿ ಎಂದು ಕೇಳಿದವರಿಗೆ ಅವಳು ಹೇಳುತ್ತಿದ್ದಳು:

"ಪಕ್ಕದ್ಮನೆಯವಳು ಚಿವುಟಿದ್ಳು ಕಣ್ರೀ. ನೋವಿಗಲ್ಲ ನಾನು ಅತ್ತಿದ್ದು. ತಿರುಗಿ ನೋಡಿದ್ರೆ, ಬೋಳು ತಲೇಲಿ ಅವಳೇ ಅಳ್ತಾ ನಿಂತಿದ್ಳು. ತಡ್ಕೊಳ್ಳೋಕಾಗ್ಲಿಲ್ಲ."

ನಾನು ಅತ್ತಿದ್ದು ನನಗೆ ನೆನಪೇ ಇಲ್ಲ... ಪಾತ್ರ ಅವಳ ಪಾಲಾಯಿತೆಂದು ಇಷ್ಟು ವರ್ಷ ಕರುಬಿದೆ. ಈಗ ಅವಳ ಆ ಮನಸ್ಸಿನ ಮೇಲೆಯೇ ಹೊಟ್ಟೆಕಿಚ್ಚು. ತಪ್ಪಾಯ್ತು ಕಣೇ ಎನ್ನೋಣವೆಂದರೆ ಅವಳಿಲ್ಲ.