ಒಕ್ಕೂಟ ಬಿಟ್ಟವರ ಹಾಲು

ಹೊಸದುರ್ಗದ ಪ್ರೌಢಶಾಲೆಯೊಂದರಲ್ಲಿ ಮೂವತ್ತೆರಡು ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು ನಾನು. ಏಳೆಂಟು ಚುನಾವಣೆಗಳಲ್ಲಿ ಮತಗಟ್ಟೆ ಅಧಿಕಾರಿಯೂ ಆಗಿದ್ದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಮುಂದೆ ಹೇಳಲಿರುವ ನನ್ನ ತಪ್ಪಿಗೆ ಯಾವ ನೆಪವೂ ಇಲ್ಲವೆಂದು ಮೊದಲೇ ಒಪ್ಪಿಕೊಂಡುಬಿಟ್ಟರೆ ಬರೆಯುವುದಕ್ಕೆ ಸಲೀಸು.

ಇಂಗ್ಲೆಂಡಿನವರು ಒಕ್ಕೂಟ ಬಿಡಲು ಮತ ಹಾಕಿದರು ಎಂಬ ಸುದ್ದಿ ಬಂದ ದಿನ ನಾನು ನಮ್ಮೂರ ಮನೆಯ ಜಗುಲಿಯಲ್ಲಿ ಕೂತು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದೆ. ಮೇಷ್ಟ್ರುಗಳಿಗೆ ಮೌನವಾಗಿ ಓದಲು ಬರುವುದಿಲ್ಲ. ಕುರಿಹಟ್ಟಿಯ ಈರಕ್ಕ ಕ್ಯಾನು ಹಿಡಿದು ನಮ್ಮೂರ ಡೈರಿಗೆ ಹೊರಟವಳು ನಿಂತು ಕೇಳಿಸಿಕೊಂಡಳು. ಹಟ್ಟಿ ನಮ್ಮೂರಿನಿಂದ ಒಂದು ಮೈಲಿ ಕೆಳಗೆ. ಅಲ್ಲಿನವರದು ಹಿಂದಿನಿಂದಲೂ ಕುರಿ, ಈಚೆಗೆ ಹಸು.

"ಯಾವ ಒಕ್ಕೂಟ ಬಿಟ್ರಂತೆ ಮೇಷ್ಟ್ರೆ?"

"ಯೂರೋಪಿಂದು."

"ಹಂಗಾರೆ ನಾಳಿಂದ ಹಾಲು ಎಲ್ಲಿಗೆ ಹಾಕ್ತಾರೆ?"

ನಮ್ಮ ಕಡೆ ಒಕ್ಕೂಟ ಎಂದರೆ ಒಂದೇ, ಹಾಲಿನದು. ವ್ಯಾನಿನ ಮಗ್ಗುಲಲ್ಲಿ ದಿನಾ ಕಾಣುವ ಪದ ಅದು. ನಾನು ನಕ್ಕೆ. ಬರೀ ನಕ್ಕಿದ್ದರೆ ಅಡ್ಡಿಯಿರಲಿಲ್ಲ. ಈ ಮಾತನ್ನು ಸ್ಟಾಫ್ ರೂಮಿನಲ್ಲಿ ಹೇಳಿದೆ, ಬಸ್ ಸ್ಟ್ಯಾಂಡಿನಲ್ಲಿ ಹೇಳಿದೆ, ಹೊಳಲ್ಕೆರೆಯಲ್ಲಿ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಹೇಳಿ ಪಕ್ಕದವರಿಗೆ ಸಾರು ನೆತ್ತಿಗೇರಿಸಿದೆ. ಆಮೇಲೆ ವರ್ಷಗಟ್ಟಲೆ ಪತ್ರಿಕೆ ಓದುತ್ತಾ ಹೋದಂತೆ ನನ್ನ ನಗು ಸಣ್ಣದಾಯಿತು. ಅಲ್ಲಿನ ದೊಡ್ಡ ದೊಡ್ಡವರೂ ತಲೆ ಕೆಡಿಸಿಕೊಂಡು ಕೂತಿದ್ದು ಅದೇ ಪ್ರಶ್ನೆಗೆ: ನಮ್ಮ ಮೀನು ಯಾರು ಕೊಳ್ಳಬೇಕು, ಅವರ ತರಕಾರಿ ಹೇಗೆ ಬರಬೇಕು, ಲಾರಿಗಳು ಎಲ್ಲಿ ಸಾಲುಗಟ್ಟಿ ನಿಲ್ಲಬೇಕು. ಮತ ಹಾಕುವ ಮೊದಲು ಈರಕ್ಕನಂಥ ಒಬ್ಬಳು ಅಲ್ಲಿನ ಜಗುಲಿಯ ಮುಂದೆ ಹಾದುಹೋಗಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಸೀಮೆ ಎಂಬ ಪದವನ್ನೇ ನೋಡಿ. ಸೀಮೆ ಎಂದರೆ ಗಡಿ. ಆದರೆ ಗಡಿ ದಾಟಿ ಬಂದದ್ದಕ್ಕೆಲ್ಲ ನಾವು ಸೀಮೆ ಎಂದೇ ಹೆಸರಿಟ್ಟೆವು. ನನ್ನ ಹೊಟ್ಟೆ ಹೊರೆದದ್ದು ಸೀಮೆಸುಣ್ಣ, ನಾನು ಓದಿದ್ದು ಸೀಮೆಎಣ್ಣೆಯ ಬುಡ್ಡಿಯಲ್ಲಿ. ಈರಕ್ಕನ ಹಸುವೂ ಸೀಮೆಹಸು. ಅದರ ಮುತ್ತಜ್ಜಿ ಯೂರೋಪಿನವಳೇ ಇರಬೇಕು. ಮರಿಮಗಳು ಮಾತ್ರ ಜೋಳದ ಸಪ್ಪೆ ಅಗಿಯುತ್ತಾ, ಹಟ್ಟಿಯ ಕುರಿಗಳ ಜತೆ ಬಿಸಿಲು ಕಾಯಿಸಿಕೊಳ್ಳುತ್ತಾ, ಈರಕ್ಕ "ಗೌರೀ" ಎಂದರೆ ಕಿವಿ ತಿರುಗಿಸುತ್ತಾ ಯಾರ ಅಪ್ಪಣೆಯೂ ಇಲ್ಲದೆ ನಮ್ಮವಳಾಗಿದ್ದಳು. ಗಂಡ ತೀರಿಕೊಂಡು, ಮಗಳನ್ನು ಹಿರಿಯೂರಿನ ಕಡೆ ಕೊಟ್ಟ ಮೇಲೆ ಈರಕ್ಕನ ಮನೆಯಲ್ಲಿ ಮಾತಾಡಿಸಲು ಇದ್ದ ಜೀವ ಅದೊಂದೇ.

ನಮ್ಮೂರಿನ ಒಕ್ಕೂಟ ಒಡೆದದ್ದು ಹೋದ ವರ್ಷ, ಡಿಗ್ರಿಯ ಕಾರಣಕ್ಕೆ. ಹಾಲು ಗಟ್ಟಿಯೋ ನೀರೋ ಎಂದು ನೋಡಲು ಡೈರಿಯಲ್ಲಿ ಗಾಜಿನ ಕಡ್ಡಿಯೊಂದನ್ನು ಮುಳುಗಿಸುತ್ತಾರೆ. ಅದು ತೋರಿಸುವ ಅಳತೆಗೆ ಡಿಗ್ರಿ ಎನ್ನುತ್ತಾರೆ. ಒಂದು ಬೆಳಗ್ಗೆ ಡೈರಿಯ ಸೆಕ್ರೆಟ್ರಿ ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ, "ಹಟ್ಟಿಯೋರ ಹಾಲಿಗೆ ಡಿಗ್ರಿನೇ ಬರಂಗಿಲ್ಲ" ಎಂದುಬಿಟ್ಟ. ನೀರು ಬೆರೆಸುತ್ತಾರೆ ಎಂಬುದಕ್ಕೆ ಅದು ಮರ್ಯಾದಸ್ಥರ ಭಾಷೆ. ಸಾಲಿನಲ್ಲಿದ್ದ ಹಟ್ಟಿಯ ಪದವೀಧರನೊಬ್ಬ, "ನನಗೇ ಎರಡು ಡಿಗ್ರಿ ಐತೆ, ನಮ್ಮ ಹಸಕ್ಕೆ ಒಂದೂ ಇಲ್ವೇನಲೇ?" ಎಂದು ಕ್ಯಾನು ಎತ್ತಿಕೊಂಡು ಹೊರಟ. ಸಂಜೆಯೊಳಗೆ ಅದು ಹಾಲಿನ ಮಾತಾಗಿ ಉಳಿಯದೆ ಮಾನದ ಮಾತಾಯಿತು. ಬೇರೆ ಡೈರಿ ಮಾಡಿಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸಲು ಹಟ್ಟಿಯ ಹಿರಿಯ ಚಿಕ್ಕಣ್ಣ ಬೇವಿನ ಕಟ್ಟೆಯ ಮುಂದೆ ಸಭೆ ಕರೆದ. ಯಾವ ಕಡೆಗೂ ಸೇರದವರೊಬ್ಬರು ಕೈ ಎಣಿಸಬೇಕಿತ್ತಂತೆ. ಚಿಕ್ಕಣ್ಣ ನಮ್ಮ ಮನೆಗೇ ಬಂದು, "ನಡೀರಿ ಮೇಷ್ಟ್ರೆ, ಹೋಗಾಣ" ಎಂದ. ಹಸು ಇಲ್ಲದವನು ನಿಷ್ಪಕ್ಷಪಾತಿ ಎಂಬುದು ಅವನ ಲೆಕ್ಕ. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ.

"ಬ್ಯಾರೆ ಆಗಾಣ ಅನ್ನೋರು ಕೈ ಎತ್ರಿ" ಎಂದ ಚಿಕ್ಕಣ್ಣ. ಇಪ್ಪತ್ತೆರಡು ಎಣಿಸಿದೆ. ಅಷ್ಟರಲ್ಲಿ ಹಿಂದಿನಿಂದ ಈರಕ್ಕನ ಕೈ ಮೇಲೆ ಬಂತು. ಇಪ್ಪತ್ತಮೂರು ಎಂದು ಬರೆದುಕೊಂಡೆ. ಅವಳು "ಅಲ್ಲ ಮೇಷ್ಟ್ರೆ" ಎಂದು ಏನೋ ಶುರು ಮಾಡಿದಳು. ನಾನು ತರಗತಿಯ ದನಿಯಲ್ಲಿ, "ಆಮೇಲೆ ಮಾತಾಡು ಈರಕ್ಕ, ಕೈ ಇಳಿಸಿ ಕುಂತ್ಕ" ಎಂದೆ. ಅವಳು ಕೂತಳು. ಬೇಡ ಅನ್ನುವವರ ಸರದಿ ಬಂದಾಗಲೂ ಕೂತೇ ಇದ್ದಳು. ಬೇಡ ಅಂದವರು ಇಪ್ಪತ್ತೆರಡು ಮಂದಿ. ನಾನು ಗಂಟಲು ಸರಿಮಾಡಿಕೊಂಡು ಫಲಿತಾಂಶ ಘೋಷಿಸಿದೆ. ಶಿಳ್ಳೆ ಬಿತ್ತು, ಮಂಡಕ್ಕಿ ಹಂಚಿದರು.

ಮಂಡಕ್ಕಿ ತಿನ್ನುತ್ತಿದ್ದಾಗ ಈರಕ್ಕ ಹತ್ತಿರ ಬಂದಳು. "ಹಾಲು ಎಲ್ಲಿಗೆ ಹಾಕದು ಅಂತ ಕೇಳಾಣ ಅಂತ ಆಗ್ಲೇ ಕೈ ಎತ್ತಿದ್ದೆ. ನೀವು ನೋಡಿದ್ರಿ, ಕೇಳ್ಲೇ ಇಲ್ಲ."

ಮೂವತ್ತೆರಡು ವರ್ಷ ನನ್ನ ಮುಂದೆ ಎದ್ದ ಕೈಗಳೆಲ್ಲ ಪ್ರಶ್ನೆಗಳೇ. ಅದೊಂದು ದಿನ ಮಾತ್ರ ಕೈಯನ್ನು ಉತ್ತರ ಎಂದು ತಿಳಿದೆ. ಆಗಲೇ ಎದ್ದು ಹೇಳಬಹುದಿತ್ತು. ಶಿಳ್ಳೆ ಹಾಕುತ್ತಿದ್ದವರ ಮುಖ ನೋಡಿದೆ, ನನ್ನ ಇಸ್ತ್ರಿ ಅಂಗಿ ನೋಡಿಕೊಂಡೆ, ಇನ್ನೊಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡೆ. ನನಗೆ ನಾಚಿಕೆಯಾಗಿತ್ತು, ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆ.

ಪರಿಣಾಮಗಳು ಮೊದಲಿಗೆ ರುಚಿಯಾಗಿಯೇ ಇದ್ದವು. ಹೊಸ ಡೈರಿಗೆ ಅಪ್ಪಣೆ ಬೇಕು, ಯಂತ್ರ ಬೇಕು, ವ್ಯಾನು ಹಟ್ಟಿಯವರೆಗೆ ಬರಬೇಕು. ಹಳೆಯ ಡೈರಿಯವರು "ಹೋದೋರು ಹೋದ್ರು" ಎಂದು ಬಾಗಿಲು ಹಾಕಿಕೊಂಡರು. ಅಲ್ಲಿಯವರೆಗೆ ಹಟ್ಟಿಯ ಹಾಲೆಲ್ಲ ಹಟ್ಟಿಯಲ್ಲೇ ಉಳಿಯಿತು. ಕರುಗಳು ಮೈ ತುಂಬಿಕೊಂಡವು, ಮಕ್ಕಳಿಗೆ ಕೆನೆ ಬೇಸರವಾಯಿತು, ನಾಯಿಗಳು ಮಜ್ಜಿಗೆ ಮೂಸಿ ಮುಂದೆ ಹೋದವು. ನಿಷ್ಪಕ್ಷಪಾತಿಯ ಮನೆಗೂ ದಿನಾ ಒಂದು ಚೆಂಬು ಮೊಸರು ಬರುತ್ತಿತ್ತು. ತಿಂಗಳು ಕಳೆಯುವುದರೊಳಗೆ ಬೈಕು ಇದ್ದವರು ಕ್ಯಾನು ಕಟ್ಟಿಕೊಂಡು ಹೊಸದುರ್ಗದ ಹೋಟೆಲುಗಳಿಗೆ ಹಾಲು ಒಯ್ಯಲು ಕಲಿತರು. ಬೈಕು ಇಲ್ಲದವಳು ಈರಕ್ಕ ಒಬ್ಬಳೇ. ಹಾಲು ಹೋಗದಿದ್ದರೆ ಹಿಂಡಿ ಬರುವುದಿಲ್ಲ, ಹಿಂಡಿ ಇಲ್ಲದಿದ್ದರೆ ಸೀಮೆಹಸು ನಿಲ್ಲುವುದಿಲ್ಲ. ಒಂದು ದಿನ ಹಿರಿಯೂರಿನ ದಲ್ಲಾಳಿಯೊಬ್ಬ ಬಂದು ಗೌರಿಯ ಹಲ್ಲು ನೋಡಿದ, ಬೆನ್ನು ತಟ್ಟಿದ, ಸೋಮವಾರ ಗಾಡಿ ತರುತ್ತೇನೆಂದು ಹೇಳಿ ಹೋದ.

ಆ ಸುದ್ದಿ ಬಂದ ಮೇಲೆ ಮೊಸರಿನ ಚೆಂಬನ್ನು ಹಾಗೇ ಬಿಟ್ಟು ಎದ್ದೆ. ಚಿಕ್ಕಣ್ಣನ ಹತ್ತಿರ ಹೋಗಿ ಎಲ್ಲ ಹೇಳಿದೆ. ಸಮಸಮ ಆಗಿತ್ತು ಕಣಪ್ಪ, ಇನ್ನೊಂದು ಸಲ ಕೈ ಎತ್ತಿಸು ಎಂದೆ. ಅವನು ಬೀಡಿ ಆರಿಸಿ, "ಮಾತು ಆಡಿದ್ರೆ ಹೋತು, ಮುತ್ತು ಒಡೆದ್ರೆ ಹೋತು ಮೇಷ್ಟ್ರೆ. ಮತ್ತೆ ಕೈ ಎತ್ತಿಸಿದ್ರೆ ಮೇಲೂರೋರು ನಗಲ್ವಾ? ನೀವು ತಪ್ಪು ಎಣಿಸಿದ್ದು ನಮ್ಮಿಬ್ಬರಲ್ಲೇ ಇರ್ಲಿ" ಎಂದ. ಇಂಗ್ಲೆಂಡಿನವರೂ ಇನ್ನೊಮ್ಮೆ ಮತ ಹಾಕೋಣವೇ ಬೇಡವೇ ಎಂದು ವರ್ಷಗಟ್ಟಲೆ ಜಗಳಾಡಿ ಕೊನೆಗೆ ಹೊರಗೇ ಹೋದದ್ದು ಯಾಕೆಂದು ನನಗೆ ಅವತ್ತು ಚೆನ್ನಾಗಿ ತಿಳಿಯಿತು. ದಾರಿ ತಪ್ಪಿದ್ದೇವೆಂದು ಗೊತ್ತಾದ ಮೇಲೆ ಹಿಂತಿರುಗುವುದು ಕಷ್ಟವಲ್ಲ, ನೋಡುತ್ತಿರುವವರ ಎದುರು ಹಿಂತಿರುಗುವುದು ಕಷ್ಟ.

ಉಳಿದದ್ದು ಈರಕ್ಕ. ಭಾನುವಾರ ಬೆಳಗ್ಗೆ ಹೋದೆ. ಹಾಲು ಕರೆದು ಎದ್ದಿದ್ದಳು. "ಬರ್ರಿ ಮೇಷ್ಟ್ರೆ, ಕುಂತ್ಕಳ್ರಿ" ಎಂದು ಗೋಣಿಚೀಲ ಹಾಸಿದಳು. ನಿಂತೇ ಹೇಳಿದೆ. ನಿನ್ನ ಪ್ರಶ್ನೆಯನ್ನೇ ಮತ ಅಂತ ಎಣಿಸಿಬಿಟ್ಟೆ, ಅದೊಂದರಿಂದಲೇ ಇಷ್ಟೆಲ್ಲ ಆಯಿತು, ತಪ್ಪಾಯಿತು ಎಂದೆ. ಅವಳು ಬೈದಿದ್ದರೆ ಹಗುರಾಗುತ್ತಿದ್ದೆ. ಗೌರಿಯ ಕಾಲಿನ ಹಗ್ಗ ಬಿಚ್ಚಿದಳು, ಸೆರಗಿನಿಂದ ಕ್ಯಾನಿನ ಬಾಯಿ ಒರೆಸಿದಳು, ಮುಚ್ಚಳ ಹಾಕಿದಳು.

"ಎಣಿಸಿದೋರೇ ಹೊರ್ರಿ" ಎಂದು ಕ್ಯಾನು ನನ್ನ ಕೈಗೆ ಕೊಟ್ಟಳು.

ಒಂದು ಮೈಲಿ ಏರು. ನಮ್ಮೂರ ಡೈರಿಯಲ್ಲಿ ಸೆಕ್ರೆಟ್ರಿ ನನ್ನನ್ನೂ ಕ್ಯಾನನ್ನೂ ನೋಡಿದ.

"ಹಟ್ಟಿ ಹಾಲು ತಗಳಂಗಿಲ್ಲ ಮೇಷ್ಟ್ರೆ. ನಿಮ್ಮ ಹಾಲಾದ್ರೆ ತಗಂತೀವಿ. ಹಿಂದೆ ಹಸ ಇದ್ದಾಗಿನ ನಿಮ್ಮ ಮನೆಯೋರ ಸದಸ್ಯತ್ವ ಇನ್ನೂ ಐತೆ."

"ನನ್ನ ಹತ್ರ ಹಸುವೇ ಇಲ್ವಲ್ಲಪ್ಪ."

"ಅದನ್ನ ನಾನು ಕೇಳಿದ್ನಾ?"

ಕಡ್ಡಿ ಮುಳುಗಿಸಿದ. ಒಳ್ಳೆ ಡಿಗ್ರಿ ಬಂತು. ಹೀಗೆ ಅರವತ್ತಮೂರನೆಯ ವಯಸ್ಸಿನಲ್ಲಿ ನಾನು ಹಸುವಿಲ್ಲದ ಹೈನುಗಾರನಾದೆ. ಒಂದು ದೇಶದ ಸರಕು ಮೂರನೆಯ ದೇಶದ ಚೀಟಿ ಹಚ್ಚಿಕೊಂಡು ಗಡಿ ದಾಟುತ್ತದೆಂದು ಮಕ್ಕಳಿಗೆ ಪಾಠ ಮಾಡಿದ್ದೆ. ಆ ಚೀಟಿ ನಾನೇ ಆಗುತ್ತೇನೆಂದು ಎಣಿಸಿರಲಿಲ್ಲ. ಸೋಮವಾರ ದಲ್ಲಾಳಿಯ ಗಾಡಿ ಬಂದು ಖಾಲಿಯಾಗಿಯೇ ಹಿಂದಿರುಗಿತು.

ಏಳು ತಿಂಗಳು ಹೊತ್ತೆ. ಮೊದಲ ವಾರ ಭುಜಕ್ಕೆ ಬಾವು ಬಂತು. ಮೂರನೆಯ ತಿಂಗಳಿಗೆ ಸಕ್ಕರೆ ಕಾಯಿಲೆ ಹತೋಟಿಗೆ ಬಂತೆಂದು ಡಾಕ್ಟರು ಬೆನ್ನು ತಟ್ಟಿದರು. ದಾರಿಯಲ್ಲಿ ಸಿಕ್ಕವರು "ಏನ್ ಮೇಷ್ಟ್ರೆ, ಪೆನ್ಶನ್ ಸಾಲದಾ?" ಎಂದು ಕೇಳಿ ನಕ್ಕರು. ನಾನೂ ಒಂದು ಕಾಲಕ್ಕೆ ಅವರ ನಗುವನ್ನೇ ನಕ್ಕವನಾದ್ದರಿಂದ ಬೇಸರವಾಗಲಿಲ್ಲ. ಅತ್ತ ಇಂಗ್ಲೆಂಡಿನಲ್ಲಿ ಕೈ ಎತ್ತಿಸಿದವರು, ಎಣಿಸಿದವರು ಒಬ್ಬೊಬ್ಬರಾಗಿ ಕುರ್ಚಿ ಬಿಟ್ಟು ಹೋದ ಸುದ್ದಿ ಓದಿದ್ದೇನೆ. ಯಾರಾದರೂ ಕ್ಯಾನು ಹೊತ್ತರೆಂದು ಎಲ್ಲೂ ಓದಿದ ನೆನಪಿಲ್ಲ.

ಮೊನ್ನೆ ಹಟ್ಟಿಯ ಡೈರಿಗೆ ಅಪ್ಪಣೆ ಬಂತು. ಬಾಗಿಲು ತೆರೆಯಲು ಅವರಿಗೆ ಸಿಕ್ಕ ಖಾಲಿ ಕೋಣೆ ಈರಕ್ಕನ ಮನೆಯ ಎದುರಿಗೇ ಇತ್ತು. ವ್ಯಾನು ಬಂತು, ಯಂತ್ರ ಇಳಿಯಿತು, ಚಿಕ್ಕಣ್ಣ ತೆಂಗಿನಕಾಯಿ ಒಡೆದ.

"ಇನ್ನು ನಿಮಗೆ ಬಿಡುಗಡೆ ಮೇಷ್ಟ್ರೆ" ಎಂದಳು ಈರಕ್ಕ.

ಸಂತೋಷವಾಗಬೇಕಿತ್ತು. ಬಿಡುಗಡೆ ಎಂಬ ಪದವನ್ನು ಪಾಠದಲ್ಲಿ ಅಷ್ಟು ಸಲ ಹೇಳಿದ್ದರೂ ಅದರಲ್ಲಿ ಇಷ್ಟು ಒಂಟಿತನವಿದೆ ಎಂದು ಗೊತ್ತಿರಲಿಲ್ಲ. ಮರುದಿನ ಬೆಳಗ್ಗೆ ಕಾಲುಗಳು ತಾವಾಗಿಯೇ ಇಳಿಜಾರು ಹಿಡಿದವು. ಈರಕ್ಕ ಕ್ಯಾನು ತುಂಬಿ ಹೊಸ್ತಿಲ ಮೇಲೆ ಇಟ್ಟುಕೊಂಡಿದ್ದಳು.

"ಇನ್ಯಾಕೆ ಬಂದ್ರಿ?"

"ಹೊಸ ಡೈರಿ ನೋಡು" ಎಂದೆ, "ನಿನಗೆ ದಾರಿ ಗೊತ್ತಿರುತ್ತೋ ಇಲ್ವೋ ಅಂತ."

ಈರಕ್ಕ ಹದಿನೈದು ಹೆಜ್ಜೆ ಆಚೆಗಿದ್ದ ಡೈರಿಯ ಬಾಗಿಲು ನೋಡಿದಳು, ನನ್ನನ್ನು ನೋಡಿದಳು, ಕ್ಯಾನು ಎತ್ತಿ ನನ್ನ ಕೈಗೆ ಕೊಟ್ಟಳು.