ಕನಸಲ್ಲಿ ಕೇಳಿದ ಉಪ್ಸಾರು

ಕಳೆದ ವಾರ ಕನಕಪುರದಿಂದ ರಾಮನಗರಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಊರು ಹತ್ತಿರವಾದಂತೆ ಬೆಂದ ರೇಷ್ಮೆಹುಳದ ವಾಸನೆ ಕಿಟಕಿಯೊಳಗೆ ನುಗ್ಗಿತು. ಮುಂದಿನ ಸೀಟಿನ ಹುಡುಗಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ನಾನು ಕಿಟಕಿಯನ್ನು ಇನ್ನಷ್ಟು ಸರಿಸಿದೆ. ಯಾರು ಏನಾದರೂ ಅಂದುಕೊಳ್ಳಲಿ, ನನಗೆ ಅದು ಖಾಲಾ ಅವರ ಸೆರಗಿನ ವಾಸನೆ...

ಖಾಲಾ ಎಂದರೆ ಉರ್ದುವಿನಲ್ಲಿ ಚಿಕ್ಕಮ್ಮ; ಹಾಗೆ ಕರೆಯುತ್ತಿದ್ದೆವಷ್ಟೇ, ಅವರು ನಮಗೆ ನೆಂಟರೇನಲ್ಲ. ರಾಮನಗರದ ನಮ್ಮ ಮನೆಯ ಹಿತ್ತಿಲ ಗೋಡೆಯಾಚೆ ಅವರ ಮನೆ, ಮನೆಗೆ ಅಂಟಿಕೊಂಡಂತೆ ನೂಲು ಬಿಚ್ಚುವ ಶೆಡ್ಡು. ಬೆಳಗಾಗುತ್ತಲೇ ಕುದಿನೀರಿನಲ್ಲಿ ರೇಷ್ಮೆಗೂಡು ಹಾಕಿ, ಬೆರಳ ತುದಿಯಲ್ಲಿ ಎಳೆ ಹುಡುಕುತ್ತ ಕೂರುತ್ತಿದ್ದರು. ಆ ಬೆರಳುಗಳು ಸದಾ ನೆನೆದು ಬಿಳಿಚಿಕೊಂಡಿರುತ್ತಿದ್ದವು. ಹುಟ್ಟಿ ಬೆಳೆದದ್ದು ಕೋಡಿಹಳ್ಳಿ ಕಡೆಯ ಒಂದು ಊರಿನಲ್ಲಿ. ಅಲ್ಲಿ ಉರ್ದು ಆಡುವ ಮನೆ ಅವರದೊಂದೇ, ಸುತ್ತಲೂ ಹೊಲಗೆಲಸದ ಕನ್ನಡದ ಮನೆಗಳು. ಹಾಗಾಗಿ ಅವರ ಕನ್ನಡದ ಮುಂದೆ ನಮ್ಮ ಕನ್ನಡ ಸಪ್ಪೆ. ನಾನು ಶಾಲೆಯಿಂದ ಬಂದರೆ ಗೋಡೆಯ ಮೇಲಿಂದ ತಲೆ ಹಾಕಿ, "ಏನವ್ವಾ, ಮಕ ಬಾಡೋಗೈತೆ, ಉಂಡ್ಯೋ ಇಲ್ವೋ?" ಎನ್ನುತ್ತಿದ್ದರು.

ಮನೆಯೊಳಗೆ ಅವರ ಪಾಡು ಬೇರೆಯೇ ಇತ್ತು. ಅವರ ಯಜಮಾನರು ಗೂಡಿನ ಮಾರ್ಕೆಟ್ಟಿನಲ್ಲಿ ರೈತರ ಹೆಗಲ ಮೇಲೆ ಕೈ ಹಾಕಿ ಸೊಗಸಾಗಿ ಕನ್ನಡ ಆಡುವವರು. ಹೊಸಿಲು ದಾಟಿದರೆ ಮಾತ್ರ ಉರ್ದು ಬಿಟ್ಟು ಇನ್ನೊಂದು ಮಾತಿಲ್ಲ. ಖಾಲಾ ಉರ್ದು ಆಡುತ್ತ ಆಡುತ್ತ ನಡುವೆ ಸೊಪ್ಪು, ಒರಳುಕಲ್ಲು, ಸಂಕಟ ಎಂದುಬಿಟ್ಟರೆ, ತವರಿಗೆ ಬಂದು ಉಳಿದಿದ್ದ ನಾದಿನಿ ಅದನ್ನು ರಾಗವೆಳೆದು ಅಣಕಿಸುತ್ತಿದ್ದರು. ಮನೆಯೆಲ್ಲ ನಗುತ್ತಿತ್ತು. ಖಾಲಾ ಕೂಡ ನಗುತ್ತಿದ್ದರು, ಪಾಪ, ಇನ್ನೇನು ಮಾಡಿಯಾರು? ಕಾಳು, ಸೊಪ್ಪು ಬೇಯಿಸಿ ಬಸಿದ ಉಪ್ಸಾರು ಮುದ್ದೆಯೂ ಆ ಮನೆಗೆ ಆಗಿಬರುತ್ತಿರಲಿಲ್ಲ. ಅದು ಹಳ್ಳಿಯವರ ಊಟ ಎಂದು ಯಜಮಾನರು ಮೂಗು ಮುರಿಯುತ್ತಿದ್ದರು. ಬಾಯಿ ಕೆಟ್ಟಾಗ ಖಾಲಾ ನಮ್ಮ ಅಡುಗೆಮನೆಯಲ್ಲಿ ಕೂತು ಉಂಡು, ಕೈ ತೊಳೆದು, ಏನೂ ಆಗದವರಂತೆ ಹೋಗುತ್ತಿದ್ದರು.

ನಾನು ಹೈಸ್ಕೂಲಿನಲ್ಲಿದ್ದಾಗ ಆ ಯಜಮಾನರು ತೀರಿಕೊಂಡರು. ತಿಂಗಳೆರಡು ಕಳೆದಿರಬೇಕು... ಒಂದು ಬೆಳಗ್ಗೆ ಖಾಲಾ ಶೆಡ್ಡಿಗೂ ಹೋಗದೆ ನೇರ ನಮ್ಮ ಅಡುಗೆಮನೆಗೆ ಬಂದು ಕೂತರು. ಯಜಮಾನರು ಕನಸಿಗೆ ಬಂದಿದ್ದರಂತೆ. ಶೆಡ್ಡಿನ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, "ಒಸಿ ಉಪ್ಸಾರು ಮಾಡು, ಉಂಡೋಯ್ತೀನಿ" ಎಂದರಂತೆ.

ಸತ್ತವರು ಕನಸಿನಲ್ಲಿ ಬಂದು ಏನಾದರೂ ಕೇಳಿದರೆ ಅದನ್ನೇ ಮಾಡಿ ನಾಲ್ಕು ಜನಕ್ಕೆ ಬಡಿಸಬೇಕು. ಈ ಪದ್ಧತಿ ಗೋಡೆಯ ಎರಡೂ ಕಡೆ ಇತ್ತು. ನಾವು ಎಡೆ ಇಡುತ್ತಿದ್ದೆವು, ಅವರು ಫಾತೆಹಾ ಪ್ರಾರ್ಥನೆ ಓದಿಸುತ್ತಿದ್ದರು, ಅಷ್ಟೇ ವ್ಯತ್ಯಾಸ. ಆದರೆ ನಾದಿನಿ ಈ ಕನಸನ್ನು ಒಪ್ಪಿರಲಿಲ್ಲ. ಅಣ್ಣ ಮನೆಯಲ್ಲಿ ಒಂದು ದಿನ ಕನ್ನಡ ಆಡಿದವನಲ್ಲ, ಉಪ್ಸಾರು ಮುಟ್ಟಿದವನಲ್ಲ, ಬಂದಿದ್ದು ಅವನೇ ಅಲ್ಲ, ಅತ್ತಿಗೆಯ ನಾಲಿಗೆ ಚಪಲ ಎಂದುಬಿಟ್ಟಿದ್ದರು. ಪಾಯಸ ಮಾಡಿ ಓದಿಸೋಣ ಎಂಬುದು ಅವರ ತೀರ್ಮಾನ.

"ಕೇಳಿದ್ದು ಬುಟ್ಟು ಬ್ಯಾರೆದು ಕೊಟ್ರೆ ಅಸ್ಕೊಂಡೇ ಓಯ್ತಾರಲ್ಲವ್ವಾ" ಎಂದು ಖಾಲಾ ಅಮ್ಮನ ಮುಂದೆ ಅತ್ತರು. "ಅವ್ರೇ ಬಂದಿದ್ರಾ, ಇಲ್ಲ ನನ್ ಬ್ರಮೆನಾ? ನೀನೇ ಯೋಳು."

ಅಮ್ಮ ಸೊಪ್ಪು ಬಿಡಿಸುತ್ತಿದ್ದವರು ಕೈ ನಿಲ್ಲಿಸಲಿಲ್ಲ. "ಕನ್ಸು ಯಾರ್ದು? ನಿಮ್ದು ತಾನೆ ಖಾಲಾ? ನಿಮ್ ಕನ್ಸಿಗೆ ಬರೋರು ನಿಮ್ ಮಾತ್ನಲ್ಲೇ ಕೇಳ್ಬೇಕು. ಬದುಕಿದ್ದಾಗ ನಿಮ್ ಮಾತಿಗೆ ಬರ್ನಿಲ್ಲ, ಈಗ ಬಂದವ್ರೆ. ಏಳಿ, ಕಾಳು ನೆನಾಕಿ."

ಖಾಲಾ ತಾವೂ ಒಂದು ಹಿಡಿ ಸೊಪ್ಪು ತೆಗೆದುಕೊಂಡು ಬಿಡಿಸತೊಡಗಿದರು. ಆಮೇಲೆ, "ಇಪ್ಪತ್ತೆಂಟು ವರ್ಸ ಬಾಳಾಟ ಮಾಡ್ದೆ. ಸತ್ ಮ್ಯಾಲೆ ಕನ್ನಡ ಆಡವ್ರೆ ನೋಡು" ಎಂದರು. ಅಳುತ್ತಲೇ ನಕ್ಕರು. ಆ ಗುರುವಾರ ಅವರ ಮನೆಯಲ್ಲಿ ಉಪ್ಸಾರು ಮುದ್ದೆ ಇಟ್ಟು ಫಾತೆಹಾ ಓದಿಸಿದರು. ನಾದಿನಿ ಒಂದು ತುತ್ತೂ ಮುಟ್ಟಲಿಲ್ಲ.

ಈಗ ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಸ್ಟಾಫ್ ರೂಮಿನಲ್ಲಿ ಒಮ್ಮೆ ನೀವು ಯಾವ ಭಾಷೆಯಲ್ಲಿ ಯೋಚಿಸುತ್ತೀರಿ, ಯಾವ ಭಾಷೆಯಲ್ಲಿ ಕನಸು ಕಾಣುತ್ತೀರಿ ಎಂಬ ಚರ್ಚೆ ಎದ್ದಿತ್ತು. ಪಾಠ ಇಂಗ್ಲಿಷಿನಲ್ಲಿ, ಬೈಗುಳ ಕನ್ನಡದಲ್ಲಿ ಎಂದು ನಾನು ತಮಾಷೆ ಮಾಡಿ ಜಾರಿಕೊಂಡೆ. ಖಾಲಾ ಅವರ ವಿಷಯ ಅಲ್ಲಿ ಹೇಳಲು ಮನಸ್ಸಾಗಲಿಲ್ಲ. ಆ ಕನಸು ಅವರಿಗೆ ಎಂಥ ದೊಡ್ಡ ಆಸ್ತಿಯಾಗಿತ್ತೆಂದು ಟೀ ಕುಡಿಯುತ್ತ ಹೇಳಿ ಮುಗಿಸುವುದು ಹೇಗೆ...

ಬಸ್ಸಿನಲ್ಲಿ ಆ ವಾಸನೆ ಬಂದ ಮಾರನೆಯ ಬೆಳಗಿನ ಜಾವ ಖಾಲಾ ನನ್ನ ಕನಸಿಗೆ ಬಂದರು. ಅವರು ತೀರಿಹೋಗಿ ಒಂಬತ್ತು ವರ್ಷವಾಯಿತು, ಬಂದದ್ದು ಇದೇ ಮೊದಲು. ಗೋಡೆಯ ಮೇಲಿಂದ ತಲೆ ಹಾಕಿ, "ಒಸಿ ಉಪ್ಸಾರು ಐತೇನವ್ವಾ?" ಎಂದರು. ಎದ್ದವಳೇ ಅಲಸಂದೆ ಕಾಳು ನೆನೆಹಾಕಿದೆ. ಸಾಯಂಕಾಲ ಡಬ್ಬಿಯಲ್ಲಿ ಸಾರು, ಬಟ್ಟೆಯಲ್ಲಿ ಸುತ್ತಿದ ಮುದ್ದೆ ಹಿಡಿದು ಗೋಡೆಯಾಚೆಯ ಆ ಮನೆಗೆ ಹೋದೆ. ಶೆಡ್ಡಿಗೆ ಬೀಗ ಬಿದ್ದು ಕಾಲವಾಗಿದೆ. ಬಾಗಿಲು ತೆರೆದವರು ನಾದಿನಿ. ಹಲ್ಲಿಲ್ಲ, ಬೆನ್ನು ಬಾಗಿದೆ. ವಿಷಯ ಹೇಳಿದೆ. ಇವರು ಮುಟ್ಟುವುದಿಲ್ಲ ಎಂದೇ ಅಂದುಕೊಂಡಿದ್ದೆ.

ಅವರು ತಟ್ಟೆ ತಂದು ನೆಲದ ಮೇಲೆ ಕೂತರು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಮೆಲ್ಲಗೆ ನುಂಗಿದರು.

"ಕನ್ನಡದಲ್ಲೇ ಕೇಳಿದ್ರಾ?"

"ಹೂಂ, ಕನ್ನಡದಲ್ಲೇ."

ಅವರ ಕೈ ತಟ್ಟೆಯಲ್ಲೇ ನಿಂತಿತು. "ನನ್ ಕನ್ಸಿಗೆ ಅತ್ತಿಗೆ ಒಂದ್ಸಲಾನೂ ಬರ್ಲಿಲ್ಲ ಕಣಮ್ಮ. ಉರ್ದುನಲ್ಲೂ ಇಲ್ಲ, ಕನ್ನಡದಲ್ಲೂ ಇಲ್ಲ. ಬಾಯ್ ಬುಟ್ರೆ ಇವ್ಳು ನಗ್ತಾಳೆ ಅಂತ ಬರಾಕಿಲ್ವೋ ಏನೋ..."

ಡಬ್ಬಿಯಲ್ಲಿ ಉಳಿದಿದ್ದ ಸಾರನ್ನೂ ಅವರ ತಟ್ಟೆಗೆ ಬಗ್ಗಿಸಿದೆ.