ಇಲ್ಲಿ ಸುಣ್ಣ ಹೊಡೆಯುವುದಿಲ್ಲ

ಅವರ ಬಲಗೈಯ ಮೂರು ಉಗುರುಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಫೋಟೋ ತೊಳೆಯುವ ಡೆವಲಪರ್ ನೀರಿನಲ್ಲಿ ವರ್ಷಗಟ್ಟಲೆ ಕೈ ಅದ್ದಿ ಹತ್ತಿದ ಕಲೆ ಅದು. ಇಕ್ಕಳ ಇತ್ತು, ಮುಟ್ಟುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಬಡಿಸುವವರು ಆ ಕೈ ನೋಡಿ ಒಂದು ಗಳಿಗೆ ತಡೆಯುತ್ತಿದ್ದರು. ಆಗ ಅವರು ಬೇಕೆಂದೇ ಕೈಯನ್ನು ಎಲೆಯ ಮೇಲೆ ಇನ್ನಷ್ಟು ಮುಂದಕ್ಕೆ ಚಾಚಿ, "ಹಾಕಿ ಸ್ವಾಮಿ, ಮದರಂಗಿ ಇದು" ಎನ್ನುತ್ತಿದ್ದರು.

ಎಲ್ಲರಿಗೂ ಅವರು ಸ್ಟುಡಿಯೋ ಆಂಟಿ. ಸಾರಕ್ಕಿಯ ಹಳೇ ಬೀದಿಯಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ ಅವರ ಸ್ಟುಡಿಯೋ ಇತ್ತು. ತಂದೆಯಿಂದ ಬಂದದ್ದು. ಯಾಕೆ ಮದುವೆಯಾಗಲಿಲ್ಲ ಎಂದು ಕೇಳಿದವರಿಗೆ "ಬೇರೆಯವರ ಮದುವೆ ಫೋಟೋ ತೆಗೆದು ಪುರುಸೊತ್ತಾಗಲಿಲ್ಲ" ಎನ್ನುತ್ತಿದ್ದರು. ಗಿರಣಿ ತಿರುಗುವಾಗ ಮಹಡಿಯೆಲ್ಲ ನಡುಗುತ್ತಿತ್ತು. ಆದ್ದರಿಂದ ಕತ್ತಲೆ ಕೋಣೆಯಲ್ಲಿ ಪ್ರಿಂಟ್ ಹಾಕುವುದೇನಿದ್ದರೂ ಗಿರಣಿ ನಿಂತಾಗಲೇ. ಕೆಳಗೆ ಯಾರದೋ ರಾಗಿ ಬೀಸಿ ಮುಗಿದ ಸದ್ದು ಕೇಳಿದರೆ ಸಾಕು, ಆಂಟಿ ಕಾಫಿ ಲೋಟವನ್ನು ಅರ್ಧಕ್ಕೇ ಇಟ್ಟು ಒಳಗೆ ಓಡುತ್ತಿದ್ದರು.

ತೊಂಬತ್ತರ ದಶಕದ ನಡುವಿನ ಮಾತು. ಬಿ.ಕಾಂ. ಮುಗಿಸಿದ್ದ ನನ್ನನ್ನು ಅಮ್ಮ ಬನಶಂಕರಿಯಿಂದ ಅಲ್ಲಿಗೆ ಕರೆದುಕೊಂಡು ಹೋದದ್ದು ಗಂಡಿನವರಿಗೆ ಕಳಿಸುವ ಫೋಟೋಗಾಗಿ. ನಾನು ಕಪ್ಪು. ಹಾಗೆಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ವಾರಕ್ಕೆ ಎರಡು ಸಲ ಕಡಲೆಹಿಟ್ಟು ಮೊಸರು ಕಲಸಿ ಕೊಡುತ್ತಿದ್ದರು ಅಷ್ಟೆ. ಅವತ್ತು ಅಮ್ಮ ನನಗೆ ಪೌಡರ್ ಬೇರೆ ಮೆತ್ತಿದ್ದಳು. ನನಗಿಂತಲೂ ಕಪ್ಪಗಿದ್ದ, ಬಿಳಿ ಕಲ್ಲಿನ ಮೂಗುತಿಯ ಆ ಹೆಂಗಸು ನನ್ನನ್ನು ನೋಡಿದವರೇ ಒದ್ದೆ ಟವೆಲ್ ಕೈಗೆ ಕೊಟ್ಟರು.

"ಮುಖ ಒರೆಸ್ಕೊ. ಯಾರ್ದು ಫೋಟೋ ತೆಗೀಬೇಕು ಅಂತ ನನಗೆ ಗೊತ್ತಾಗ್ಬೇಕಲ್ಲ."

ಸ್ಟೂಲಿನ ಮೇಲೆ ಕೂರಿಸಿ, ನಗು ಎಂದು ಹೇಳಲಿಲ್ಲ. ಯಾರಿಗೂ ಹೇಳುತ್ತಿರಲಿಲ್ಲ. "ಬೆಳಿಗ್ಗೆ ತಿಂಡಿ ಏನ್ ಮಾಡಿದ್ರಿ?" ಎಂದರು. ಇದೇನು ಪ್ರಶ್ನೆ ಎಂದು ನಾನು ಒಂದು ಕ್ಷಣ ಮುಖ ಸಡಿಲಿಸಿ ಯೋಚಿಸಿದೆ. "ಉಪ್ಪಿಟ್ಟು" ಎನ್ನುವಷ್ಟರಲ್ಲಿ ಫೋಟೋ ಆಗಿಹೋಗಿತ್ತು.

ಅಮ್ಮ ಹತ್ತಿರ ಹೋಗಿ ದನಿ ತಗ್ಗಿಸಿದಳು. "ಸ್ವಲ್ಪ ಬೆಳ್ಳಗೆ ಬರೋ ಹಾಗೆ ಮಾಡಿಕೊಡಿ. ಜಾಸ್ತಿ ಬೇಡ."

"ಇಲ್ಲಿ ಫೋಟೋ ತೆಗೀತೀವಿ ಕಣಮ್ಮ. ಸುಣ್ಣ ಹೊಡೆಯಲ್ಲ."

ಆ ಫೋಟೋ ಹೋದ ಕಡೆಯಿಂದ ಉತ್ತರ ಬರಲಿಲ್ಲ. ಅಮ್ಮ ಮೂರು ದಿನ ಆ ಸ್ಟುಡಿಯೋದವಳನ್ನು ಬೈದಳು. ನಾಲ್ಕನೇ ದಿನ ನಾನೇ ಜಗಳ ಆಡಲು ಹೋದೆ. ನಿಮ್ಮಿಂದ ಸಂಬಂಧ ತಪ್ಪಿಹೋಯಿತು ಎಂದೆ.

"ಫೋಟೋ ನೋಡಿ ಓಡಿಹೋದವರು ನಿನ್ನನ್ನ ನೋಡಿ ಉಳ್ಕೋತಿದ್ರಾ?" ಎಂದು ಕೇಳಿ ಆಂಟಿ ಪೆಟ್ಟಿಗೆಯಿಂದ ನನ್ನ ನೆಗೆಟಿವ್ ತೆಗೆದು ಕಿಟಕಿಗೆ ಹಿಡಿದರು. ಅದರಲ್ಲಿ ನನ್ನ ಮುಖ ಹಾಲಿನಂತೆ ಬೆಳ್ಳಗಿತ್ತು, ಕೂದಲು ಮುದುಕಿಯ ಹಾಗೆ ನರೆತಿತ್ತು. "ಬೆಳ್ಳಗಿರೋಳೇ ಬೇಕು ಅಂದ್ರೆ ಇದನ್ನ ಕಳಿಸು. ಇದೂ ನೀನೇ."

ನನಗೆ ಅಳು ಬರಬೇಕಿತ್ತು, ನಗು ಬಂತು. ಅವತ್ತು ಕಾಫಿ ಕುಡಿದು ಬಂದೆ. ಮರುದಿನ ಕೆಲಸ ಕಲಿಯುತ್ತೇನೆ ಎಂದು ಹೋದೆ. ಹುಡುಗಿಗೆ ಕ್ಯಾಮೆರಾ ಯಾಕೆ, ಮದುವೆ ಮನೆಗಳಲ್ಲಿ ಗಂಡಸರ ಮಧ್ಯೆ ನುಗ್ಗುವುದು ಯಾಕೆ ಎಂದು ಮನೆಯಲ್ಲಿ ರಂಪವಾಯಿತು. ಆಗಲಿ ಎಂದುಕೊಂಡೆ.

ಮೊದಲ ತಿಂಗಳು ಕೈಗೆ ಕೊಟ್ಟದ್ದು ಫಿಲಂ ಇಲ್ಲದ ಕ್ಯಾಮೆರಾ. ಸಾರಕ್ಕಿ ಮಾರ್ಕೆಟ್ಟಿನಲ್ಲಿ ಸೊಪ್ಪು ಕೊಳ್ಳುತ್ತಲೇ ಪರೀಕ್ಷೆ. ಟಾರ್ಪಾಲಿನ ಕೆಳಗೆ ಕೂತ ಸೊಪ್ಪಿನ ಅಜ್ಜಿಯನ್ನು ತೋರಿಸಿ "ಬೆಳಕೆಷ್ಟು?" ಎನ್ನುವರು. ನಾನು ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮುಳ್ಳು ನೋಡಿ ಹೇಳಿದರೆ ತಲೆಯ ಮೇಲೆ ಮೊಟಕುತ್ತಿದ್ದರು. ಮದುವೆ ಮಂಟಪದಲ್ಲಿ ಬಿಳಿ ಪಂಚೆ ಕಂಡರೆ ಆ ಮುಳ್ಳು ಬೆಳಕು ಜಾಸ್ತಿ ಇದೆ ಎಂದು ಮೋಸಹೋಗುತ್ತದೆ, ಕಪ್ಪಗಿರುವವರ ಮುಖ ಮಸಿಯಾಗುತ್ತದೆ ಎಂಬುದು ಅವರ ಪಾಠ. ಅದಕ್ಕೆ ಅವರ ಉಪಾಯ ಅಂಗೈ. ಮುಖದ ಮೇಲೆ ಬೀಳುವ ಬೆಳಕಿನಲ್ಲೇ ತಮ್ಮ ಅಂಗೈ ಹಿಡಿದು, ಅದನ್ನು ಅಳೆದು, ಅದರಿಂದ ಲೆಕ್ಕ ಹಾಕುತ್ತಿದ್ದರು.

"ನನ್ನ ಅಂಗೈ ನೋಡು, ನಿಂದು ನೋಡು, ಆ ಮದುಮಗಳ ಅಂಗೈನೂ ನೋಡು. ಹೆಚ್ಚುಕಮ್ಮಿ ಒಂದೇ. ಮುಖ ಹ್ಯಾಗಾದ್ರೂ ಇರ್ಲಿ, ಬೆಳಕನ್ನ ಎಲ್ಲರಿಗೂ ಸರಿಯಾಗಿ ಕೊಡ್ಬೇಕು. ಅದಕ್ಕೇ ನಮ್ಮನ್ನ ಕರೆಸಿರೋದು."

ಇಷ್ಟೆಲ್ಲ ಕಲಿತೂ ನಾನು ಒಂದು ಸಲ ಕಳ್ಳತನ ಮಾಡಿದೆ. ಬಿಟಿಎಂನಲ್ಲಿ ಬಾಡಿಗೆಗಿದ್ದ, ಯಾವುದೋ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದ ಗದಗದ ಕಡೆಯ ಹುಡುಗಿಯೊಬ್ಬಳು ಗಂಡಿನವರಿಗೆ ಕಳಿಸಲೆಂದು ಕಪ್ಪು-ಬಿಳುಪು ಫೋಟೋ ತೆಗೆಸಿದ್ದಳು. ನನ್ನದೇ ಬಣ್ಣ. ಆಂಟಿ ಹಾಕಿದ ಪ್ರಿಂಟ್ ಹಗ್ಗದ ಮೇಲೆ ಒಣಗುತ್ತಿತ್ತು. ಅವರು ಹೊರಗೆ ಹೋದಾಗ ನಾನು ಇನ್ನೊಂದು ಹಾಕಿದೆ. ಪ್ರಿಂಟಿನ ಕಾಗದದ ಮೇಲೆ ಬೆಳಕು ಬಿದ್ದಷ್ಟೂ ಕಪ್ಪಾಗುತ್ತದೆ, ಅಡ್ಡ ಹಿಡಿದರೆ ಆ ಜಾಗ ತಿಳಿಯಾಗಿ ಉಳಿಯುತ್ತದೆ. ತಂತಿಗೆ ಸಿಕ್ಕಿಸಿದ ರಟ್ಟಿನ ಬಿಲ್ಲೆಯನ್ನು ಅವಳ ಮುಖಕ್ಕೆ ಅಡ್ಡ ಹಿಡಿದೆ. ಪುಣ್ಯದ ಕೆಲಸ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ.

ವಾಪಸು ಬಂದ ಆಂಟಿಗೆ ಒಂದೇ ನೋಟಕ್ಕೆ ಗೊತ್ತಾಯಿತು. ಬೈಯಲಿಲ್ಲ. ಸಂಜೆ ಆ ಹುಡುಗಿ ಬಂದಾಗ ಎರಡೂ ಪ್ರಿಂಟ್ ಅವಳ ಮುಂದಿಟ್ಟು, "ಯಾವುದು ಬೇಕೋ ತಗೊಳಮ್ಮ" ಎಂದರು. ಹುಡುಗಿ ನಾನು ಮಾಡಿದ್ದನ್ನು ಎತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡಿದಳು.

"ಇಕಿ ಯಾರ್ರೀ ಅಕ್ಕಾರ?"

ನಾನು ಎಲ್ಲಿ ನೋಡಬೇಕೋ ತಿಳಿಯದೆ ಗೋಡೆ ನೋಡಿದೆ. ಅವಳು ಇನ್ನೊಂದನ್ನು ತೆಗೆದುಕೊಂಡು ಹೋದ ಮೇಲೆ ಆಂಟಿ ಹೇಳಿದ್ದು ಇಷ್ಟೇ: "ಅವಳ ಮೇಲಿನ ಕನಿಕರ ಅಲ್ಲ ಅದು. ನಿನ್ನ ಮುಖ ಕಂಡ್ರೆ ನಿನಗೇ ನಾಚಿಕೆ."

ಆ ಮಾತು ಇವತ್ತಿಗೂ ಚುಚ್ಚುತ್ತದೆ. ನಿಜವಾಗಿತ್ತು, ಅದಕ್ಕೆ.

ಎರಡು ಸಾವಿರ ದಾಟಿದ ಮೇಲೆ ಡಿಜಿಟಲ್ ಕ್ಯಾಮೆರಾ ಬಂತು. ಆಂಟಿ ಹಳೇ ಕಾಲದವರು, ಫಿಲಂ ಹೋಯಿತೆಂದು ಅಳುತ್ತಾರೆ ಎಂದು ಎಲ್ಲರೂ ಕಾದರು. "ಬೇಜಾರಾಗಲ್ವಾ ಆಂಟಿ?" ಎಂದು ಗಿರಣಿಯವರು ಕೇಳಿದರೆ, "ನನ್ನ ಉಗುರನ್ನ ಕೇಳಿ, ಅದಕ್ಕೆ ಖುಷಿಯಾಗಿದೆ" ಎಂದರು. ನಮ್ಮ ಬೀದಿಯಲ್ಲಿ ಮೊದಲು ಡಿಜಿಟಲ್ ಕೊಂಡವರೇ ಅವರು. ಆದರೆ ಕೊಂಡ ದಿನವೇ ಅದರ ಹಿಂದಿನ ಪರದೆಗೆ ಕರೆಂಟಿನವರ ಕಪ್ಪು ಟೇಪ್ ಅಂಟಿಸಿದರು. ತೆಗೆದದ್ದನ್ನೇ ನೋಡುತ್ತ ನಿಂತರೆ ಎದುರಿಗಿರುವವರನ್ನು ನೋಡುವವರು ಯಾರು ಎಂಬುದು ಅವರ ವಾದ. ಮದುವೆ ಮನೆಗಳಲ್ಲಿ ನನ್ನ ಹೆಗಲ ಹಿಂದಿನಿಂದ ಇಣುಕುತ್ತಿದ್ದ ಗಂಡಿನ ಕಡೆಯವರು ಟೇಪ್ ಕಂಡು, ಕ್ಯಾಮೆರಾ ಕೆಟ್ಟಿದೆಯೇನೋ ಎಂದು ಗಾಬರಿಯಾಗುತ್ತಿದ್ದರು.

ಎದುರುಗಡೆ ಹೊಸ ಸ್ಟುಡಿಯೋ ತೆರೆಯಿತು. ಅಲ್ಲಿ ಕಂಪ್ಯೂಟರಿನಲ್ಲಿ ಯಾರನ್ನು ಬೇಕಾದರೂ ಬೆಳ್ಳಗೆ ಮಾಡಿಕೊಡುತ್ತಿದ್ದರು. ನಮ್ಮ ಮೆಟ್ಟಿಲು ಹತ್ತುವವರು ಕಡಿಮೆಯಾದರು. ಒಮ್ಮೆ ಗೊಟ್ಟಿಗೆರೆಯಿಂದ ಮಗಳನ್ನು ಕರೆತಂದಿದ್ದ ಒಬ್ಬರು ಕೇಳಿದರು: "ಕಂಪ್ಯೂಟರಲ್ಲಿ ಒಂದು ನಿಮಿಷದ ಕೆಲಸ ಅಲ್ವಾ ಮೇಡಂ?"

"ಹೌದು ಸಾರ್. ಕಷ್ಟ ಇದ್ದಾಗ್ಲೇ ಮಾಡ್ಲಿಲ್ಲ, ಈಗ ಸುಲಭ ಅಂತ ಮಾಡ್ಲಾ?"

ಅವರು ಮಗಳ ಕೈಹಿಡಿದು ಎದುರಿನ ಸ್ಟುಡಿಯೋಗೆ ನಡೆದರು. ನಾನು ತಡೆಯಲಾರದೆ, ಹೀಗಾದರೆ ಬಾಗಿಲು ಹಾಕಬೇಕಾಗುತ್ತದೆ ಎಂದೆ. "ಹಾಕೋಣ ಬಿಡು. ಸುಣ್ಣ ಅಂತೂ ಹೊಡೆಯಲ್ಲ" ಎಂದರು ಆಂಟಿ. ಬಾಗಿಲು ಮಾತ್ರ ಹಾಕಲಿಲ್ಲ.

ಗುರುತಿನ ಚೀಟಿಗೆ ಬಿಟ್ಟರೆ ತಮ್ಮ ಫೋಟೋ ತೆಗೆಯಲು ಅವರು ಯಾರಿಗೂ ಬಿಟ್ಟವರಲ್ಲ. ಇನ್ನೂ ಫಿಲಂ ಇದ್ದ ಕಾಲದ ಒಂದು ಮಧ್ಯಾಹ್ನ ಗಿರಣಿ ನಿಂತಿತ್ತು. ಕೆನ್ನೆಗೆ ಕೈ ಆನಿಸಿ ಕೂತಿದ್ದ ಅವರ ಮುಖದ ಮೇಲೆ ಕಿಟಕಿಯ ಬೆಳಕಿತ್ತು. ನಾನು ನನ್ನ ಅಂಗೈಯನ್ನು ಆ ಬೆಳಕಿಗೆ ಹಿಡಿದು ಅಳೆದು, ಕ್ಯಾಮೆರಾ ಎತ್ತಿ ಕೇಳಿದೆ: "ಬೆಳಿಗ್ಗೆ ತಿಂಡಿ ಏನ್ ಮಾಡಿದ್ರಿ ಆಂಟಿ?"

"ನನ್ನ ಹತ್ರಾನೇ ನಡೆಸ್ತೀಯಾ?" ಎಂದು ಹುಬ್ಬು ಗಂಟಿಕ್ಕಿ ತಿರುಗಿದರು. ಅದೇ ಕ್ಷಣ ಸಿಕ್ಕಿತು.

ಆಂಟಿ ತೀರಿಕೊಂಡರು. ಹೆಚ್ಚು ದಿನ ನರಳಲಿಲ್ಲ, ಎರಡು ವಾರ ಆಸ್ಪತ್ರೆ ಅಷ್ಟೆ. ಸ್ಟುಡಿಯೋದ ಬೀಗದಕೈಯನ್ನು ದಿಂಬಿನ ಕೆಳಗಿಂದ ತೆಗೆದು ನನ್ನ ಕೈಗೆ ಹಾಕಿ, "ಟೇಪ್ ಕೀಳ್ಬೇಡ" ಎಂದಿದ್ದರು. ವೈಕುಂಠ ಸಮಾರಾಧನೆಯ ದಿನ ಜೆಪಿ ನಗರದ ಅವರ ತಮ್ಮನ ಮನೆಗೆ ಹೋದೆ. ನಡುಮನೆಯಲ್ಲಿ ಹಾರ ಹಾಕಿದ ದೊಡ್ಡ ಫೋಟೋ ಇತ್ತು. ಯಾವುದೋ ಹಳೇ ಗುರುತಿನ ಚೀಟಿಯ ಫೋಟೋವನ್ನು ನಮ್ಮ ಎದುರಿನ ಆ ಸ್ಟುಡಿಯೋದಲ್ಲೇ ದೊಡ್ಡದು ಮಾಡಿಸಿದ್ದರು. ಮುಖ ಹೊಸ ಗೋಡೆಯ ಹಾಗಿತ್ತು. ಒರೆಸಿದ ರಭಸಕ್ಕೆ ಮೂಗುತಿಯೂ ಅಳಿಸಿಹೋಗಿತ್ತು.

ಇಕಿ ಯಾರ್ರೀ ಎಂದು ನನ್ನ ಬಾಯಿಗೇ ಬಂತು.

"ಹೋಗೋವಾಗಲಾದ್ರೂ ಅಕ್ಕ ಚೆನ್ನಾಗಿ ಕಾಣ್ಲಿ ಅಂತ ಮಾಡಿಸ್ದೆ" ಎಂದರು ತಮ್ಮ. ಕೆಟ್ಟವರಲ್ಲ. ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದರು.

"ಚೆನ್ನಾಗೇ ಇದ್ರು ಅವರು" ಎಂದೆ. ನನ್ನ ದನಿ ಜೋರಾಯಿತು, ಅಡುಗೆಯವರೂ ತಿರುಗಿ ನೋಡಿದರು.

ಆಟೋ ಹಿಡಿದು ಸ್ಟುಡಿಯೋಗೆ ಹೋದೆ. ಆಂಟಿಯ ಕಣ್ಣಿಗೆ ಬೀಳಬಾರದೆಂದು ಬೀರುವಿನ ಹಿಂದೆ ಬಚ್ಚಿಟ್ಟಿದ್ದ, ಕಟ್ಟು ಹಾಕಿಸಿದ್ದ ಆ ಹುಬ್ಬು ಗಂಟಿಕ್ಕಿದ ಫೋಟೋ ಹೊತ್ತು ತಂದೆ. ಎಲೆ ಹಾಕುವ ಹೊತ್ತಾಗಿತ್ತು. ಯಾರನ್ನೂ ಕೇಳದೆ ಬಿಳಿ ಮುಖವನ್ನು ಗೋಡೆಗೆ ತಿರುಗಿಸಿಟ್ಟು, ಹಾರ ತೆಗೆದು ಇದಕ್ಕೆ ಹಾಕಿದೆ. ಕಪ್ಪು ಮುಖ, ಮಿನುಗುವ ಮೂಗುತಿ, ಕೆನ್ನೆಗೆ ಆನಿಸಿದ ಕೈಯಲ್ಲಿ ಆ ಮೂರು ಉಗುರು. ತಮ್ಮ ಹತ್ತಿರ ಬಂದು ನೋಡಿದರು.

"ಬೈಯೋ ಹಾಗಿದ್ದಾಳೆ" ಎಂದರು.

ನಾನು ಫೋಟೋಗೆ ಎದುರಾಗಿ ಮೊದಲ ಎಲೆಯಲ್ಲೇ ಕೂತೆ, ಯಾರು ಬಂದು ತೆಗೆಯುತ್ತಾರೋ ನೋಡೇಬಿಡೋಣ ಎಂದು. ಅಂದು ಬೆಳಿಗ್ಗೆ ಕನ್ನಡಿಯ ಮುಂದೆ ಪೌಡರ್ ಇಲ್ಲದೆ ತಲೆ ಬಾಚಿಕೊಂಡು ಬಂದಿದ್ದೆ, ಎಷ್ಟೋ ವರ್ಷಗಳಿಂದ ಹಾಗೇ ಬರುತ್ತಿದ್ದೆ, ಮುಖ ತಿರುಗಿಸಿಕೊಳ್ಳದೆ. ಅದು ಆಂಟಿ ಕೊಟ್ಟದ್ದು. ಬಡಿಸುವವನು ಬಂದ. ನಾನು ಕೈಯನ್ನು ಎಲೆಯ ಮೇಲೆ ಇನ್ನಷ್ಟು ಮುಂದಕ್ಕೆ ಚಾಚಿದೆ.